ಜಗಳ ಉಳಿಸಿದ ಕಾಗದಗಳು

1448ನೇ ಇಸವಿ. ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್ ಸೀಮೆ. ಮಾರ್ಗರೆಟ್ ಪಾಸ್ಟನ್ ಎಂಬ ಹೆಂಗಸು ಊರಲ್ಲಿಲ್ಲದ ಗಂಡನಿಗೆ ಕಾಗದ ಬರೆಸುತ್ತಾಳೆ. ಮೊದಲು ಕೇಳುವುದು ಅಡ್ಡಬಿಲ್ಲು. ಅದನ್ನು ಬಿಗಿಯೋಕೆ ತಿರುಗಣೆ, ಅದಕ್ಕೆ ತಕ್ಕ ಗಿಡ್ಡ ಬಾಣ. ಯಾಕೆ ಅಂತಲೂ ಹೇಳುತ್ತಾಳೆ: ಇಲ್ಲಿ ಮನೆಗಳ ಸೂರು ತಗ್ಗು, ಉದ್ದ ಬಿಲ್ಲು ಹಿಡಿದು ಒಳಗಿನಿಂದ ಹೊಡೆಯೋಕೆ ಆಗುವುದಿಲ್ಲ. ಎದುರು ಪಾರ್ಟಿಯವರು ಬಾಗಿಲಿಗೆ ಅಡ್ಡಪಟ್ಟಿ ಹಾಕಿಕೊಂಡಿದ್ದಾರೆ. ಬಂದೂಕಿನಿಂದ ಹೊಡೆಯೋಕೆ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಐದು ತೂತು ಕೊರೆದಿದ್ದಾರೆ. ಅವಳಿಗೆ ಇದೆಲ್ಲ ಸುದ್ದಿ ಬಂದಿದೆ.

ಆಮೇಲೆ ಧಾಟಿ ಬದಲಾಗುತ್ತದೆ. ಬರುವಾಗ ಒಂದು ಪೌಂಡ್ ಬಾದಾಮಿ, ಒಂದು ಪೌಂಡ್ ಸಕ್ಕರೆ ಕೊಡಿಸಿ. ಮಕ್ಕಳ ಅಂಗಿಗೆ ಉಣ್ಣೆ ಬಟ್ಟೆ ಬೇಕು, ಇಂಥವನ ಹೆಂಡತಿ ಹತ್ತಿರ ಅಗ್ಗಕ್ಕೆ ಸಿಗುತ್ತಂತೆ, ಆರಿಸೋಕೂ ಜಾಸ್ತಿ ಇರುತ್ತಂತೆ. ನನ್ನ ತಲೆಮುಸುಕಿಗೆ ಒಂದು ಗಜ ಕಪ್ಪು ಬಟ್ಟೆ. ಗಜಕ್ಕೆ 44 ಪೆನ್ನಿ, ಹೆಚ್ಚೆಂದರೆ 4 ಶಿಲ್ಲಿಂಗ್. ಈ ಊರಲ್ಲಿ ಒಳ್ಳೆ ಬಟ್ಟೆಯೇ ಸಿಗುವುದಿಲ್ಲ.

ಗೋಡೆಗೆ ತೂತು ಕೊರೆದು ಕೂತವರು ಒಂದು ಕಡೆ, ಬಾದಾಮಿ ಸಕ್ಕರೆ ಇನ್ನೊಂದು ಕಡೆ. ಒಂದೇ ಹಾಳೆಯಲ್ಲಿ ಎರಡೂ ಇವೆ. ಸಂಸಾರ ಅಂದರೆ ಇದೇ ಅಲ್ವಾ?

ಈ ಕುಟುಂಬದ ಕಾಗದಪತ್ರಗಳಲ್ಲಿ ಸಾವಿರಕ್ಕೂ ಹೆಚ್ಚು ಇವತ್ತಿಗೂ ಉಳಿದಿವೆ. ಸುಮಾರು 1422ರಿಂದ 1509ರವರೆಗಿನವು. ಬಹುಪಾಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಂಗ್ಲಿಷಿನಲ್ಲಿ ಇಷ್ಟು ಹಳೆಯ, ಇಷ್ಟು ದೊಡ್ಡ ಖಾಸಗಿ ಪತ್ರಗಳ ಗಂಟು ಸಿಗುವುದು ಬಹಳ ಅಪರೂಪ. ಹೆಸರು ಪಾಸ್ಟನ್ ಪತ್ರಗಳು. ಹಾಗಂತ ಇವರು ರಾಜರಲ್ಲ, ಕವಿಗಳಲ್ಲ. ಜಮೀನು, ಕೇಸು, ಮದುವೆ, ಸಾಲ ಅಂತ ಓಡಾಡಿಕೊಂಡಿದ್ದ ಜನ. ಇಂಥವರ ಕಾಗದ ಐನೂರೈವತ್ತು ಆರುನೂರು ವರ್ಷ ಹೇಗೆ ಉಳಿಯಿತು? ಉಳಿದ ಮೇಲೆ ಅದನ್ನು ಓದುವವರು ಹೇಗೆ ಓದುತ್ತಾರೆ?

ಪ್ರೀತಿಯಿಂದ ಉಳಿಸಿಕೊಂಡರು ಅಂತ ನಾವು ಅಂದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಇವು ಉಳಿದದ್ದು ಜಗಳದಿಂದ.

ಕುಟುಂಬದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಪಾಸ್ಟನ್ ಅನ್ನೋದು ಸಮುದ್ರದ ಪಕ್ಕದ ಒಂದು ಸಣ್ಣ ಹಳ್ಳಿ. ಅಲ್ಲಿ ಕ್ಲೆಮೆಂಟ್ ಎಂಬ ರೈತ ಇದ್ದ. 1419ರಲ್ಲಿ ತೀರಿಕೊಂಡ. ಅವನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ವೈರಿಗಳು ಬರೆದಿಟ್ಟ ಒಂದು ಕಾಗದದಿಂದ: ನೂರು ನೂರಿಪ್ಪತ್ತು ಎಕರೆ ಇತ್ತು, ತಾನೇ ನೇಗಿಲು ಹಿಡಿಯುತ್ತಿದ್ದ, ಜೀನಿಲ್ಲದ ಕುದುರೆ ಮೇಲೆ ಕಾಳಿನ ಚೀಲ ಹಾಕಿ ಅದರ ಮೇಲೆ ಕೂತು ಗಿರಣಿಗೆ ಹೋಗುತ್ತಿದ್ದ, ಅವನ ಹೆಂಡತಿ ಜೀತದ ಮನೆತನದವಳು. ಅವಮಾನ ಮಾಡಬೇಕೆಂದೇ ಬರೆದದ್ದು. ಇವತ್ತು ಓದಿದರೆ ಹೊಗಳಿಕೆ ಅನ್ನಿಸುತ್ತದೆ. ಯಾಕೆಂದರೆ ಆ ಕಾಗದದಲ್ಲೇ ಇನ್ನೊಂದು ಮಾತಿದೆ: ಸಾಲ ಮಾಡಿ ಮಗನನ್ನು ಓದಿಸಿದ.

ಆ ಮಗ ವಿಲಿಯಂ ಲಾಯರಾದ. 1429ರಲ್ಲಿ ಜಡ್ಜ್ ಆದ. ಗಳಿಸಿದ್ದನ್ನೆಲ್ಲ ಜಮೀನಿಗೆ ಹಾಕಿದ. ಒಂದೇ ತಲೆಮಾರಿನಲ್ಲಿ ಇಷ್ಟು ಮೇಲೆ ಬಂದವನ ಮೇಲೆ ಊರಿನ ಕಣ್ಣು ಬೀಳದೆ ಇರುತ್ತದೆಯೇ? ಅದು ಅವನಿಗೂ ಗೊತ್ತಿತ್ತು. 'ಪಾಸ್ಟನ್‌ನಲ್ಲಿ ಬಾಳುವವನಿಗೆ ತನ್ನನ್ನು ತಾನು ಕಾಪಾಡಿಕೊಳ್ಳೋಕೆ ಗೊತ್ತಿರಬೇಕು, ಅದಕ್ಕೇ ಕಾನೂನು ಕಲಿಯಿರಿ' ಎಂದು ಅವನು ಎಷ್ಟೋ ಸಲ ಹೇಳುತ್ತಿದ್ದನಂತೆ. ಅವನು ಸತ್ತ ಮರುವರ್ಷ, 1445ರಲ್ಲಿ, ಹೆಂಡತಿ ಆಗ್ನೆಸ್ ಮಗನಿಗೆ ಈ ಮಾತನ್ನು ನೆನಪು ಮಾಡಿ ಬರೆದಿದ್ದಾಳೆ.

ಆಗಿನ ಇಂಗ್ಲೆಂಡಿನಲ್ಲಿ ಜಮೀನು ಯಾರದು ಅನ್ನೋದಕ್ಕೆ ಪಹಣಿ ಇರಲಿಲ್ಲ, ಸರ್ವೆ ನಂಬರ್ ಇರಲಿಲ್ಲ. ಇದ್ದದ್ದು ಕ್ರಯಪತ್ರ, ಹಳೇ ಒಪ್ಪಂದ, ಸಾಕ್ಷಿ, ಕೋರ್ಟಿನ ಸುರುಳಿ, ಮತ್ತು ಸ್ವಾಧೀನ. ಯಾರು ಒಳಗೆ ಕೂತಿದ್ದಾರೋ ಅವರ ಕೈ ಮೇಲು. ರಾಜ ಗಟ್ಟಿಯಿದ್ದರೆ ಕೋರ್ಟಿನ ಮಾತು ನಡೆಯುತ್ತಿತ್ತು. ಆಗ ಇದ್ದದ್ದು ಆರನೇ ಹೆನ್ರಿ, ಗಟ್ಟಿ ಮನುಷ್ಯನಲ್ಲ. ದೊಡ್ಡ ಪ್ರಭುಗಳು ತಮ್ಮ ಜನರನ್ನು ಕಟ್ಟಿಕೊಂಡು ಬಂದು ಬೇಲಿ ಕಿತ್ತರೆ ಕೇಳುವವರಿಲ್ಲ. ವಿಲಿಯಂ ಕೊಂಡಿದ್ದ ಗ್ರೆಶಮ್ ಎಂಬ ಆಸ್ತಿಯನ್ನು 1448ರಲ್ಲಿ ಲಾರ್ಡ್ ಮೋಲಿನ್ಸ್ ಎಂಬ ಪ್ರಭು ಹಾಗೇ ಕಿತ್ತುಕೊಂಡ. ಮಾರ್ಗರೆಟ್ ಅಡ್ಡಬಿಲ್ಲು ಕೇಳಿದ್ದು ಆ ಗಲಾಟೆಯಲ್ಲಿ. 1450ರ ಜನವರಿ 28ರಂದು ಮೋಲಿನ್ಸ್‌ನ ಜನ ಮತ್ತೆ ಬಂದರು. ಪಾಸ್ಟನ್‌ಗಳ ದೂರಿನ ಪ್ರಕಾರ ಸಾವಿರ ಮಂದಿ. ಮನೆಯೊಳಗೆ ಮಾರ್ಗರೆಟ್ ಜೊತೆ ಇದ್ದದ್ದು ಹನ್ನೆರಡು ಜನ. ಅವಳಿದ್ದ ಕೋಣೆಯ ಗೋಡೆಗೇ ಕನ್ನ ಕೊರೆದು, ಕಂಬ ಕಡಿದು, ಅವಳನ್ನು ಎತ್ತಿಕೊಂಡು ಹೋಗಿ ಗೇಟಿನಾಚೆ ಬಿಟ್ಟರು. ಸಾವಿರ ಅನ್ನೋದು ದೂರು ಬರೆಯುವವರ ಲೆಕ್ಕ. ಅದರಲ್ಲಿ ಎಷ್ಟು ಸೊನ್ನೆ ಕಳೆಯಬೇಕೋ ನೀವೇ ನೋಡಿ.

ಗ್ರೆಶಮ್ ಇವರಿಗೆ ವಾಪಸ್ ಸಿಕ್ಕಿತು. ಅಷ್ಟರಲ್ಲೇ ಇನ್ನೂ ದೊಡ್ಡದು ತಗುಲಿಕೊಂಡಿತು. ಸರ್ ಜಾನ್ ಫಾಸ್ಟೋಲ್ಫ್ ಅನ್ನೋ ಮಕ್ಕಳಿಲ್ಲದ ಶ್ರೀಮಂತ ಯೋಧ 1459ರ ನವೆಂಬರ್ 5ರಂದು ತೀರಿಕೊಂಡ. ಕೇಸ್ಟರ್ ಎಂಬ ಕೋಟೆಮನೆ ಸೇರಿ ಭಾರಿ ಆಸ್ತಿ. ಮಾರ್ಗರೆಟ್ ಗಂಡ ಜಾನ್ ಅವನ ಲಾಯರು. 'ಸಾಯುವ ಮುಂಚೆ ಬಾಯಿಮಾತಿನಲ್ಲಿ ಉಯಿಲು ಬದಲಾಯಿಸಿ ಎಲ್ಲ ನನಗೇ ಬಿಟ್ಟಿದ್ದಾರೆ' ಎಂದು ಜಾನ್ ಹೇಳಿದ. ಬಾಯಿಮಾತಿನ ಉಯಿಲು, ಅದೂ ಲಾಯರಿಗೇ ಲಾಭವಾಗುವಂಥದ್ದು! ನಮ್ಮೂರಿನ ಯಾವ ಕಟ್ಟೆಯ ಮೇಲೆ ಈ ವಿಷಯ ಇಟ್ಟರೂ ನಾಲ್ಕು ಜನ ನಗುತ್ತಾರೆ. ಅಲ್ಲೂ ಹಾಗೇ ಆಯಿತು. ಕೇಸು ವರ್ಷಗಟ್ಟಲೆ ಎಳೆಯಿತು, ಜಾನ್ ಮೂರು ಸಲ ಲಂಡನ್ನಿನ ಫ್ಲೀಟ್ ಜೈಲು ಕಂಡ, 1466ರಲ್ಲಿ ಸತ್ತ. ಕೇಸು ಮಾತ್ರ ಸಾಯಲಿಲ್ಲ.

ಕಾಗದ ಉಳಿದದ್ದು ಹೀಗೆ. ಇಂಥ ಮನೆಯಲ್ಲಿ ಯಾವ ಚೀಟಿಯನ್ನೂ ಬಿಸಾಡುವ ಹಾಗಿಲ್ಲ. ಇಂಥ ದಿನ ಇಂಥವನು ಬಂದಿದ್ದ, ಗೇಣಿ ವಸೂಲಿ ಮಾಡಿದ, ಹಸು ಹೊಡೆದುಕೊಂಡು ಹೋದ ಅಂತ ಹೆಂಡತಿ ಬರೆದದ್ದು ನಾಳೆ ಕೋರ್ಟಿನಲ್ಲಿ ಆಧಾರವಾಗಬಹುದು. ಬಾದಾಮಿ ಸಕ್ಕರೆ ಉಳಿದದ್ದು ಆ ಸಾಲುಗಳ ಬೆನ್ನಿಗೆ ಅಂಟಿಕೊಂಡು. ಇದರ ಲಾಭವನ್ನೂ ಅವರು ಕಂಡರು. 'ಇವರು ಜೀತದವರ ವಂಶ' ಅಂತ ವೈರಿಗಳು ರಾಜನ ತನಕ ದೂರು ಒಯ್ದಾಗ, ಪಾಸ್ಟನ್‌ಗಳು ಹಳೇ ದಾಖಲೆಗಳ ರಾಶಿಯನ್ನೇ ತೆರೆದಿಟ್ಟರು. 1466ರಲ್ಲಿ ನಾಲ್ಕನೇ ಎಡ್ವರ್ಡ್ ಇವರು ಒಳ್ಳೆ ಮನೆತನದವರೇ ಎಂದು ಒಪ್ಪಿ ಬರೆದುಕೊಟ್ಟ. ಆ ರಾಶಿಯಲ್ಲಿ ಎಷ್ಟು ಅಸಲಿ, ಎಷ್ಟು 'ತಯಾರಾದದ್ದು' ಅನ್ನೋ ಗುಮಾನಿ ಇತಿಹಾಸಕಾರರಿಗೆ ಇದ್ದೇ ಇದೆ.

ಇನ್ನೊಂದು ಕಾರಣ ದೂರ. ಗಂಡ ಕೇಸಿಗಾಗಿ ಲಂಡನ್ನಿನಲ್ಲಿ, ಹೆಂಡತಿ ಆಸ್ತಿ ಕಾಯುತ್ತಾ ನಾರ್ಫೋಕ್‌ನಲ್ಲಿ. ಅದಕ್ಕೇ ಇಷ್ಟು ಕಾಗದ. ಹಾಗಾಗಿ ಪತ್ರಗಳ ಗಂಟು ಓದುವಾಗ ಒಂದು ಎಚ್ಚರ ಬೇಕು: ಅವರು ಒಟ್ಟಿಗೆ ಕೂತು ಉಂಡ ದಿನಗಳ ಬಗ್ಗೆ ಒಂದಕ್ಷರವೂ ಸಿಗುವುದಿಲ್ಲ. ಒಂದೇ ಸೂರಿನಡಿ ಇರುವವರು ಕಾಗದ ಬರೆಯುವುದಿಲ್ಲವಲ್ಲ. ಪತ್ರಗಳನ್ನಷ್ಟೇ ನಂಬಿದರೆ ಪಾಸ್ಟನ್ ದಂಪತಿ ಜೀವಮಾನವಿಡೀ ಆತಂಕದಲ್ಲೇ ಇದ್ದರು ಅನ್ನಿಸಿಬಿಡುತ್ತದೆ.

ನಮ್ಮ ಅಜ್ಜನ ಮನೆಯಲ್ಲಿ ಬಂದ ಕಾಗದಗಳನ್ನೆಲ್ಲ ಬಗ್ಗಿಸಿದ ಒಂದು ತಂತಿಗೆ ಚುಚ್ಚಿ ಗೋಡೆಗೆ ನೇತು ಹಾಕುತ್ತಿದ್ದರು. ಕೆಳಗಿದ್ದದ್ದು ಹಳೆಯದು, ಮೇಲಿದ್ದದ್ದು ಹೊಸದು. ಅದನ್ನು ನೋಡಿದವರಿಗೆ ಹಳೇ ಇಂಗ್ಲೆಂಡಿನ ಪದ್ಧತಿ ಹೊಸದೇನಲ್ಲ. ಅಲ್ಲೂ ಕಾಗದಗಳನ್ನು ದಾರಕ್ಕೆ ಪೋಣಿಸಿ ಇಡುತ್ತಿದ್ದರು. ನಾವು ದಿನಾ ಬಳಸುವ 'ಫೈಲ್' ಅನ್ನೋ ಪದ ಹುಟ್ಟಿದ್ದೇ ದಾರ ಎಂಬ ಅರ್ಥದ ಲ್ಯಾಟಿನ್ ಪದದಿಂದ.

ಈಗ ಒಂದು ಕಾಗದವನ್ನು ಹತ್ತಿರದಿಂದ ನೋಡೋಣ.

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕಾಗದ ತಯಾರಾಗುತ್ತಿರಲಿಲ್ಲ. ಅಲ್ಲಿನ ಮೊದಲ ಕಾಗದದ ಗಿರಣಿ ಬಂದದ್ದು 1490ರ ದಶಕದಲ್ಲಿ. ಅಲ್ಲಿಯವರೆಗೆ ಎಲ್ಲ ಸಮುದ್ರದಾಚೆಯಿಂದ ಬಂದ ಸರಕು, ಚಿಂದಿ ಬಟ್ಟೆ ಕೊಳೆಸಿ ಮಾಡಿದ ಗಟ್ಟಿ ಹಾಳೆ. ದುಬಾರಿ. ಅದಕ್ಕೇ ಬರೆದು ಮುಗಿಸಿದ ಜಾಗಕ್ಕೆ ಹಾಳೆಯನ್ನು ಕತ್ತರಿಸಿ, ಉಳಿದದ್ದನ್ನು ಮುಂದಿನ ಕಾಗದಕ್ಕೆ ಎತ್ತಿಡುತ್ತಿದ್ದರು. ಶಾಯಿ ಮಾಡುತ್ತಿದ್ದದ್ದು ಓಕ್ ಮರದ ಗಂಟುಕಾಯಿ, ಕಬ್ಬಿಣದ ಉಪ್ಪು ಮತ್ತು ಅಂಟು ಸೇರಿಸಿ. ಅಳಲೆಕಾಯಿ ಶಾಯಿ ಗೊತ್ತಿದ್ದವರಿಗೆ ಇದರ ಗುಟ್ಟು ಹೊಸದಲ್ಲ: ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಬರೆದಾಗ ಕಪ್ಪಾಗಿದ್ದದ್ದು ಕಾಲ ಕಳೆದಂತೆ ಕಂದಾಗುತ್ತದೆ. ಶಾಯಿಯಲ್ಲಿ ಆಮ್ಲದ ಅಂಶ ಜಾಸ್ತಿ ಇದ್ದರೆ ನಿಧಾನಕ್ಕೆ ಕಾಗದವನ್ನೇ ತಿನ್ನುತ್ತದೆ, ಅಕ್ಷರ ಇದ್ದ ಕಡೆ ತೂತಾಗುತ್ತದೆ.

ಲಕೋಟೆ ಇರಲಿಲ್ಲ. ಹಾಳೆಯನ್ನೇ ಸಣ್ಣಗೆ ಮಡಚಿ, ದಾರ ಸುತ್ತಿ, ಅರಗು ಹಾಕಿ ಮೊಹರು ಒತ್ತುತ್ತಿದ್ದರು. ವಿಳಾಸ ಹೊರಮೈಮೇಲೆ. ಅಂಚೆಯೂ ಇಲ್ಲ. ಆಳು ಹೋಗುತ್ತಿದ್ದರೆ ಆಳಿನ ಕೈಲಿ, ಜಾತ್ರೆಗೆ ಹೋಗುವವರಿದ್ದರೆ ಅವರ ಕೈಲಿ. 'ಉಳಿದದ್ದನ್ನು ಕಾಗದ ತಂದವನು ಹೇಳುತ್ತಾನೆ' ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಅಂದರೆ ನಿಜವಾದ ಗುಟ್ಟು ಕಾಗದದಲ್ಲಿಲ್ಲ, ಅದು ತಂದವನ ಬಾಯಲ್ಲಿತ್ತು. ಲೈಬ್ರರಿಯವರು ಆ ಮಡಿಕೆಯ ಗೆರೆ, ಅರಗಿನ ಚೂರು, ದಾರಕ್ಕೆಂದು ಮಾಡಿದ ಸೀಳು ಎಲ್ಲವನ್ನೂ ಹಾಗೇ ಕಾಪಾಡೋದು ಸುಮ್ನೆ ಅಲ್ಲ. ಹೊರಮೈ ಕೊಳೆಯಾಗಿ ಮಡಿಕೆ ಸವೆದಿದ್ದರೆ ಅದು ಊರೂರು ತಿರುಗಿದ ಕಾಗದ. ಮಡಿಕೆ, ಮೊಹರು, ವಿಳಾಸ ಒಂದೂ ಇಲ್ಲದಿದ್ದರೆ ಬಹುಶಃ ಕಳಿಸದೆ ಮನೆಯಲ್ಲೇ ಇಟ್ಟ ಕರಡು ಅಥವಾ ನಕಲು.

ಒಕ್ಕಣೆಯೂ ನಮಗೆ ಪರಿಚಿತವೇ. 'ಉಭಯ ಕುಶಲೋಪರಿ ಸಾಂಪ್ರತ' ಎಂದು ನಮ್ಮ ಹಿರಿಯರು ಶುರು ಮಾಡುತ್ತಿದ್ದ ಹಾಗೆ, ಮಾರ್ಗರೆಟ್‌ದೂ ಒಂದು ಸಿದ್ಧ ಸಾಲು: ಬಹು ಪೂಜ್ಯರಾದ ಯಜಮಾನರಿಗೆ ನನ್ನ ವಂದನೆಗಳು, ನಿಮ್ಮ ಕ್ಷೇಮ ಕೇಳಲು ಬಯಸುತ್ತೇನೆ. ಈ ಸಾಲು ನೋಡಿ ಗಂಡ ಹೆಂಡತಿ ನಡುವೆ ಸಲುಗೆಯೇ ಇರಲಿಲ್ಲ ಅಂತ ತೀರ್ಮಾನ ಮಾಡಿದರೆ ತಪ್ಪು. ಸಲುಗೆ ಹುಡುಕಬೇಕಾದ್ದು ಗಜಕ್ಕೆ ಎಷ್ಟು ಕೊಡಬೇಕು ಅನ್ನೋ ಸಾಲಿನಲ್ಲಿ.

ಬರೆದವರು ಯಾರು ಅನ್ನೋದು ಅಷ್ಟು ಸುಲಭದ ಪ್ರಶ್ನೆಯಲ್ಲ. ಮಾರ್ಗರೆಟ್ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪತ್ರಗಳಿವೆ. ಅವು ಒಂದೇ ಕೈಬರಹದಲ್ಲಿಲ್ಲ, ಹತ್ತಾರು ಕೈಗಳಲ್ಲಿವೆ. ಅವಳು ಹೇಳುತ್ತಾ ಹೋಗುತ್ತಿದ್ದಳು, ಗುಮಾಸ್ತನೋ ಪಾದ್ರಿಯೋ ಮಗನೋ ಬರೆಯುತ್ತಿದ್ದರು. ವಿದ್ವಾಂಸರು ಒಂದೊಂದು ಅಕ್ಷರದ ಬಾಲ, ಕೊಂಡಿ, ಕಾಗುಣಿತ ಹೋಲಿಸಿ 'ಇದು ಇಂಥವನ ಕೈ' ಅಂತ ಗುರುತು ಹಿಡಿಯುತ್ತಾರೆ. 1970ರ ದಶಕದಲ್ಲಿ ಬಂದ ನಾರ್ಮನ್ ಡೇವಿಸ್ ಅವರ ಸಂಪಾದನೆಯ ದೊಡ್ಡ ಕೆಲಸವೇ ಅದು. ಹಾಗೆ ಗುರುತು ಸಿಕ್ಕ ಕೈಗಳಲ್ಲಿ ಒಂದು, ಮನೆಯ ಪಾರುಪತ್ಯಗಾರ ರಿಚರ್ಡ್ ಕಾಲ್ ಎಂಬಾತನದು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ತಾರೀಖು ಇನ್ನೊಂದು ತಲೆನೋವು. ಪಾಸ್ಟನ್‌ಗಳು ಎಷ್ಟೋ ಸಲ ಇಸವಿ ಹಾಕುವುದೇ ಇಲ್ಲ. ಅತ್ತೆ ಆಗ್ನೆಸ್ ಗಂಡನಿಗೆ ಬರೆದ ಒಂದು ಕಾಗದ ತೆಗೆದುಕೊಳ್ಳಿ. ಮಗ ಜಾನ್ ಮೊದಲ ಸಲ ಹುಡುಗಿ ನೋಡಿದ್ದು ಅದರ ವಿಷಯ. ಹುಡುಗಿ ಬೇರೆ ಯಾರೂ ಅಲ್ಲ, ಮಾರ್ಗರೆಟ್ಟೇ. ಹುಡುಗಿ ಅವನ ಜೊತೆ ಚೆನ್ನಾಗಿ ಮಾತಾಡಿದಳು, ನೀವು ಅವಳಿಗೊಂದು ಉಡುಪು ಕೊಡಿಸಿದರೆ ಅವಳ ತಾಯಿ ಅದಕ್ಕೆ ಒಳ್ಳೆ ತುಪ್ಪಳ ಕೊಡ್ತಾರಂತೆ, ಬಣ್ಣ ಚೆಂದದ ನೀಲಿ ಇರಲಿ ಇಲ್ಲವೇ ಹೊಳೆಯುವ ಕೆಂಪು. ಕೊನೆಯಲ್ಲಿ ತಾರೀಖಿನ ಜಾಗದಲ್ಲಿ ಹೀಗಿದೆ: 'ದೇಉಸ್ ಕ್ವಿ ಎರ್ರಾಂತಿಬುಸ್' ಕಳೆದ ಬುಧವಾರ, ಅವಸರದಲ್ಲಿ, ಒಳ್ಳೆ ಬರಹಗಾರ ಸಿಗದೆ ಬರೆದದ್ದು.

ಆ ಲ್ಯಾಟಿನ್ ಸಾಲು ಈಸ್ಟರ್ ಆದ ಮೂರನೇ ಭಾನುವಾರ ಚರ್ಚಿನಲ್ಲಿ ಹೇಳುವ ಪ್ರಾರ್ಥನೆಯ ಮೊದಲ ಪದಗಳು. ಈಸ್ಟರ್ ಪ್ರತಿ ವರ್ಷ ಬೇರೆ ದಿನ ಬರುತ್ತದೆ. ಈಗ ಲೆಕ್ಕ ಹಾಕಬೇಕು. ಆಗ್ನೆಸ್‌ಳ ಗಂಡ ಸತ್ತದ್ದು 1444ರಲ್ಲಿ, ಆದ್ದರಿಂದ ಕಾಗದ ಅದಕ್ಕಿಂತ ಹಿಂದಿನದು. ಜಾನ್ ಮಾರ್ಗರೆಟ್ ಮದುವೆ ಸುಮಾರು 1440. ಹಾಗಾದರೆ ವರ್ಷ 1440 ಅಂತ ಇಟ್ಟುಕೊಳ್ಳಿ. ಆ ವರ್ಷ ಈಸ್ಟರ್ ಮಾರ್ಚ್ 27ಕ್ಕೆ. ಮೂರು ಭಾನುವಾರ ಕಳೆದರೆ ಏಪ್ರಿಲ್ 17. ಅದರ ಮುಂದಿನ ಬುಧವಾರ ಏಪ್ರಿಲ್ 20. ನಮ್ಮ ಹಳೇ ಪತ್ರಗಳನ್ನು ಓದುವವರೂ ಇದೇ ಪಾಡು ಪಡುತ್ತಾರೆ. ಬರೀ ಸಂವತ್ಸರದ ಹೆಸರು, ಮಾಸ, ತಿಥಿ ಇರುತ್ತದೆ, ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. ತಾತನ ಕಾಗದವೋ ಮುತ್ತಾತನ ಕಾಗದವೋ ಅನ್ನೋದನ್ನು ಒಳಗಿನ ವಿಷಯ ನೋಡಿಯೇ ಹೇಳಬೇಕು.

ಕಾಗುಣಿತದ ಬಗ್ಗೆ ಒಂದೇ ಮಾತು. ಆಗ ಇಂಗ್ಲಿಷಿಗೆ ನಿಗದಿಯಾದ ಕಾಗುಣಿತ ಇರಲಿಲ್ಲ, ನಾರ್ಫೋಕ್‌ನವರು ಇವತ್ತಿನ 'ಶಲ್' ಪದವನ್ನು ಎಕ್ಸ್ ಅಕ್ಷರದಿಂದ ಶುರು ಮಾಡುತ್ತಿದ್ದರು. ಕಿವಿಗೆ ಕೇಳಿದ ಹಾಗೆ ಬರೆದದ್ದರಿಂದಲೇ ಆ ಸೀಮೆಯ ಮಾತು ಹೇಗಿತ್ತು ಅನ್ನೋದು ಭಾಷೆಯ ವಿದ್ವಾಂಸರಿಗೆ ಇಲ್ಲಿ ಸಿಗುತ್ತದೆ.

ಮನೆಯಿಂದ ಲೈಬ್ರರಿಗೆ ಬಂದ ದಾರಿ ಒಂದು ಪತ್ತೇದಾರಿ ಕಥೆ. ಪಾಸ್ಟನ್ ಕುಟುಂಬ ಮೇಲೆ ಹೋಗುತ್ತಾ ಹೋಗುತ್ತಾ 17ನೇ ಶತಮಾನದಲ್ಲಿ ಅರ್ಲ್ ಪದವಿಯನ್ನೂ ಪಡೆಯಿತು. ಹಾಗೇ ಸಾಲದಲ್ಲೂ ಮುಳುಗಿತು. ಕೊನೆಯ ಅರ್ಲ್ 1732ರಲ್ಲಿ ಸತ್ತಾಗ ಗಂಡು ಸಂತಾನ ಇರಲಿಲ್ಲ. 1735ರಲ್ಲಿ ಫ್ರಾನ್ಸಿಸ್ ಬ್ಲೋಮ್‌ಫೀಲ್ಡ್ ಎಂಬ ಪಾದ್ರಿ, ನಾರ್ಫೋಕ್ ಇತಿಹಾಸ ಬರೆಯುತ್ತಿದ್ದವನು, ಆಕ್ಸ್‌ನೆಡ್‌ನ ಅವರ ದೊಡ್ಡ ಮನೆಯ ದಾಖಲೆ ಕೋಣೆಗೆ ಹೊಕ್ಕ. ಹಕ್ಕುಪತ್ರಗಳನ್ನು ವಿಂಗಡಿಸಿದ. ಮೂಲೆಯಲ್ಲಿ ಮೂಟೆಗಟ್ಟಲೆ ಬಿಡಿ ಪತ್ರಗಳನ್ನು ರಾಶಿ ಹಾಕಿ, ಆಸ್ತಿ ನೋಡಿಕೊಳ್ಳುತ್ತಿದ್ದವರಿಗೆ ಬರೆದ: ಇವುಗಳಲ್ಲಿ ಮನೆಯ ವಿಷಯಗಳು ಸೇರಿಕೊಂಡಿವೆ, ಅದಕ್ಕೆ ಮುಟ್ಟಲಿಲ್ಲ. ಬೇರ್ಪಡಿಸಿ ಇಡಲೋ, ಇಲ್ಲ ಸುಡಿಸುತ್ತೀರೋ? ಸುಟ್ಟರೆ ಅನ್ಯಾಯ ಅಂತ ನನಗನ್ನಿಸುತ್ತದೆ.

ಆ ಎರಡು ಸಾಲು ಓದಿದಾಗ ನನಗೆ ಮೈ ಜುಂ ಅಂದಿತ್ತು. ಮನೆ ಖಾಲಿ ಮಾಡುವಾಗ 'ಇದೇನು ಕಸ' ಅಂತ ನಾವು ಒಲೆಗೆ ಹಾಕಿದ್ದು ಎಷ್ಟಿರಬಹುದು.

ಸುಡಲಿಲ್ಲ. ಕೈಯಿಂದ ಕೈಗೆ ಮಾರಾಟವಾದವು. ಒಬ್ಬ ಸಂಗ್ರಾಹಕ, ಅವನ ನಂತರ ಅವನ ವಿಧವೆಯನ್ನು ಮದುವೆಯಾದ ಇನ್ನೊಬ್ಬ ಸಂಗ್ರಾಹಕ, ಅವನು ಸತ್ತ ಮೇಲೆ ಡಿಸ್ ಎಂಬ ಊರಿನ ಔಷಧಿ ವ್ಯಾಪಾರಿ, ಅವನೂ 1774ರಲ್ಲಿ ಸತ್ತ ಮೇಲೆ ಜಾನ್ ಫೆನ್. ಈ ಫೆನ್ ಕೂತು ಓದಿದ. 1787ರಲ್ಲಿ ಎರಡು ಸಂಪುಟ ಅಚ್ಚು ಹಾಕಿಸಿದ: ಒಂದು ಪುಟದಲ್ಲಿ ಹಳೇ ಕಾಗುಣಿತ, ಎದುರು ಪುಟದಲ್ಲಿ ಹೊಸದು. ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು, ಅದೇ ವರ್ಷ ಎರಡನೇ ಮುದ್ರಣ. ಮೂಲ ಪತ್ರಗಳನ್ನು ಮೂರು ಸಂಪುಟವಾಗಿ ಕಟ್ಟಿಸಿ ಮೂರನೇ ಜಾರ್ಜ್ ರಾಜನಿಗೆ ಕಾಣಿಕೆ ಕೊಟ್ಟು 'ಸರ್' ಪದವಿ ಪಡೆದುಕೊಂಡ.

ಆಮೇಲೆ ಮೂಲ ಪತ್ರಗಳೇ ನಾಪತ್ತೆ! ರಾಜನಿಗೆ ಕೊಟ್ಟದ್ದು ಅರಮನೆಯಲ್ಲಿ ಇಲ್ಲ. ಉಳಿದವು ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ. 1865ರಲ್ಲಿ ಹರ್ಮನ್ ಮೆರಿವೇಲ್ ಎಂಬಾತ, ಇವು ನಿಜವಾದ ಪತ್ರಗಳೇ ಅಥವಾ ಕಟ್ಟುಕಥೆಯೇ ಎಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಕೇಳಿದ. ಕೇಳಿದ್ದು ಒಳ್ಳೆಯದೇ ಆಯಿತು. ಅದೇ ವರ್ಷ ಫೆನ್‌ನ ಸಂಬಂಧಿಕರೊಬ್ಬರ ಮನೆಯಲ್ಲಿ ಒಂದು ಭಾಗ ಸಿಕ್ಕಿತು. 1875ರಲ್ಲಿ ಇನ್ನೊಬ್ಬ ಸಂಬಂಧಿಕರ ಮನೆಯಲ್ಲಿ ಮತ್ತೊಂದು ಭಾಗ. ರಾಜನಿಗೆ ಕೊಟ್ಟ ಸಂಪುಟಗಳು 1889ರಲ್ಲಿ ಸಫೋಕ್‌ನ ಆರ್ವೆಲ್ ಪಾರ್ಕ್ ಎಂಬ ಬಂಗಲೆಯಲ್ಲಿ ಕಾಣಿಸಿಕೊಂಡವು. ಆ ಮನೆಯವರ ಹಿರಿಯರಲ್ಲಿ ಒಬ್ಬರು ಬಿಷಪ್, ಅರಮನೆಗೂ ಪ್ರಧಾನಿ ಪಿಟ್‌ಗೂ ಬೇಕಾದವರು. ಓದೋಕೆ ಅಂತ ತೆಗೆದುಕೊಂಡು ಹೋದ ಪುಸ್ತಕ ವಾಪಸ್ ಬರದಿರುವುದು ಎಲ್ಲ ಕಡೆಯೂ ಇರುವ ರೋಗ ಅಂತ ಕಾಣುತ್ತದೆ. 1933ರಲ್ಲಿ ಬ್ರಿಟಿಷ್ ಮ್ಯೂಸಿಯಂ ಆ ಸಂಪುಟಗಳನ್ನು ಕೊಂಡಿತು. ಮ್ಯೂಸಿಯಂನ ಗ್ರಂಥ ಭಾಗವೇ 1973ರಲ್ಲಿ ಬ್ರಿಟಿಷ್ ಲೈಬ್ರರಿ ಆಯಿತು.

ಎಲ್ಲವೂ ಅಲ್ಲೇ ಇಲ್ಲ. ಫಾಸ್ಟೋಲ್ಫ್ ಆಸ್ತಿಯ ಜಗಳ ರಾಜಿಯಾದಾಗ ಒಂದು ಪಾಲು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿಗೆ ಹೋಯಿತು. ಜಮೀನಿನ ಹಿಂದೆ ಅದರ ಕಾಗದಗಳೂ ಹೋದವು. ಇವತ್ತಿಗೂ ಫಾಸ್ಟೋಲ್ಫ್ ದಾಖಲೆಗಳು ಆ ಕಾಲೇಜಿನಲ್ಲಿವೆ.

ಲೈಬ್ರರಿಯಲ್ಲಿ ಇವುಗಳಿಗೆ ಇರುವ ಹೆಸರು ಸಪ್ಪೆ. ರಾಜನಿಗೆ ಕೊಟ್ಟಿದ್ದ ಸಂಪುಟಗಳು 43488ರಿಂದ ಶುರುವಾಗುವ ನಂಬರಿನವು, ನಂಬರಿಗೆ ಮುಂಚೆ 'ಅಡಿಷನಲ್' ಅನ್ನೋ ಪದ. ಸಂಗ್ರಹಕ್ಕೆ ಹೊಸದಾಗಿ ಸೇರಿದ್ದು ಎಂದಷ್ಟೇ ಅರ್ಥ. ಬಂದ ಕ್ರಮದಲ್ಲಿ ನಂಬರ್ ಬೀಳುತ್ತದೆ. ಪ್ರತಿ ಹಾಳೆಗೆ ಪೆನ್ಸಿಲ್ಲಿನಲ್ಲಿ ಒಂದು ಸಂಖ್ಯೆ. ಈ ನಂಬರ್ ಇಲ್ಲದಿದ್ದರೆ 'ಮಾರ್ಗರೆಟ್ ಹೀಗೆ ಬರೆದಳು' ಎಂಬ ಮಾತಿಗೆ ಬೆಲೆಯಿಲ್ಲ, ಯಾಕೆಂದರೆ ಇನ್ನೊಬ್ಬರು ಹೋಗಿ ಪರೀಕ್ಷಿಸೋಕೆ ಆಗುವುದಿಲ್ಲ. 1865ರ ಗಲಾಟೆಗೆ ಕಾರಣವೂ ಅದೇ. ಓದುವ ಕೋಣೆಯಲ್ಲಿ ಪೆನ್ ನಿಷೇಧ, ಪೆನ್ಸಿಲ್ ಮಾತ್ರ. ಸಿನಿಮಾದಲ್ಲಿ ತೋರಿಸುವ ಹಾಗೆ ಬಿಳಿ ಕೈಗವಸು ಹಾಕಿಕೊಳ್ಳೋದಿಲ್ಲ. ಬಟ್ಟೆಯ ಬೆರಳಿಗೆ ಹಾಳೆಯ ಅಂಚು ಗೊತ್ತಾಗದೆ ಹರಿಯುವ ಅಪಾಯ ಜಾಸ್ತಿ. ತೊಳೆದು ಒರೆಸಿದ ಕೈ ಸಾಕು. ಸ್ಕ್ಯಾನ್ ಮಾಡಿಟ್ಟರೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರ್‌ಗಳ ಮೇಲೆ ಸೈಬರ್ ದಾಳಿ ಆಯಿತು. ಆನ್‌ಲೈನಿನಲ್ಲಿದ್ದ ಹಸ್ತಪ್ರತಿಗಳ ಚಿತ್ರಗಳು ತಿಂಗಳುಗಟ್ಟಲೆ ಯಾರಿಗೂ ಸಿಗಲಿಲ್ಲ. ಕಾಗದ ಕಪಾಟಿನಲ್ಲಿ ಇದ್ದ ಹಾಗೇ ಇತ್ತು.

ಅಚ್ಚಾದದ್ದೇ ಪೂರ್ತಿ ಅಂತ ನಂಬುವ ಹಾಗೂ ಇಲ್ಲ. ಫೆನ್ ತನಗೆ ಬೇಜಾರು ಬರಿಸಿದ ಜಮೀನಿನ ಲೆಕ್ಕಗಳನ್ನು ಎಷ್ಟೋ ಕಡೆ ಬಿಟ್ಟುಬಿಟ್ಟಿದ್ದ. ಇವತ್ತಿನ ಆರ್ಥಿಕ ಇತಿಹಾಸಕಾರರಿಗೆ ಬೇಕಾದ್ದೇ ಅದು. ಪಾಸ್ಟನ್ ಪತ್ರಗಳಲ್ಲಿ ಎಲ್ಲರಿಗಿಂತ ಪ್ರಸಿದ್ಧವಾದದ್ದು 1477ರ ಫೆಬ್ರವರಿಯಲ್ಲಿ ಮಾರ್ಜರಿ ಬ್ರೂಸ್ ಎಂಬ ಹುಡುಗಿ ಮಾರ್ಗರೆಟ್‌ಳ ಎರಡನೇ ಮಗನಿಗೆ ಬರೆಸಿದ ಕಾಗದ. (ಇವನ ಹೆಸರೂ ಜಾನ್, ಇವನ ಅಣ್ಣನೂ ಜಾನ್, ಅಪ್ಪನೂ ಜಾನ್. ಅದಕ್ಕೇ ವಿದ್ವಾಂಸರು ರಾಜರಿಗೆ ಕೊಟ್ಟ ಹಾಗೆ ಒಂದು, ಎರಡು, ಮೂರು ಅಂತ ನಂಬರ್ ಕೊಟ್ಟಿದ್ದಾರೆ.) ಅವನನ್ನು ಅವಳು 'ನನ್ನ ವ್ಯಾಲೆಂಟೈನ್' ಅಂತ ಕರೆಯುತ್ತಾಳೆ. ಇಂಗ್ಲಿಷಿನ ಮೊದಲ ವ್ಯಾಲೆಂಟೈನ್ ಕಾಗದ ಅಂತ ಪ್ರತಿ ಫೆಬ್ರವರಿಯಲ್ಲೂ ಅದರ ಮೆರವಣಿಗೆ. ಪೂರ್ತಿ ಓದಿದರೆ ಅದರ ನಡುಮನೆಯಲ್ಲಿ ಕೂತಿರುವುದು ವರದಕ್ಷಿಣೆ. ಅಪ್ಪ ಇನ್ನು ಜಾಸ್ತಿ ಕೊಡುವುದಿಲ್ಲ ಅಂತಿದ್ದಾರೆ, ನಿಮ್ಮ ಆಸ್ತಿ ಇದರ ಅರ್ಧ ಇದ್ದಿದ್ದರೂ ನಾನು ನಿಮ್ಮನ್ನು ಬಿಡುತ್ತಿರಲಿಲ್ಲ. ಕೊನೆಗೆ ಮದುವೆ ಆಯಿತು.

ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಎಂಟು ವರ್ಷ ಹಿಂದಿನ ಇನ್ನೊಂದು ಕಾಗದ. ಬರೆದವನು ಪಾರುಪತ್ಯಗಾರ ರಿಚರ್ಡ್ ಕಾಲ್. ಬರೆದದ್ದು ಮಾರ್ಗರೆಟ್‌ಳ ಮಗಳಿಗೆ. ಅವಳ ಹೆಸರೂ ಮಾರ್ಜರಿಯೇ. ಇಬ್ಬರೂ ಗುಟ್ಟಾಗಿ ಮಾತು ಕೊಟ್ಟುಕೊಂಡಿದ್ದರು. ಆಗಿನ ಚರ್ಚಿನ ಕಾನೂನಿನಲ್ಲಿ ಗಂಡು ಹೆಣ್ಣು 'ಈಗಲೇ ನಿನ್ನನ್ನು ಕೈಹಿಡಿದೆ' ಅಂತ ಪರಸ್ಪರ ಹೇಳಿಕೊಂಡರೆ ಮುಗಿಯಿತು, ಅದು ಮದುವೆ. ಪಾದ್ರಿ ಬೇಡ, ಸಾಕ್ಷಿ ಬೇಡ. ಮನೆಯವರಿಗೆ ಗೊತ್ತಾದಾಗ ಇಬ್ಬರನ್ನೂ ದೂರ ಇಟ್ಟರು. ಅಂಗಡಿ ಮನೆತನದ ಅಳಿಯ! ನನ್ನ ತಂಗಿ ಫ್ರಾಮ್ಲಿಂಗಮ್‌ನಲ್ಲಿ ಮೇಣದಬತ್ತಿ ಸಾಸಿವೆ ಮಾರೋಕೆ ನಾನು ಒಪ್ಪೋದಿಲ್ಲ ಅಂತ ಅಣ್ಣ ಬರೆದ. ಇತ್ತ ಕಾಲ್ ಬರೆಯುತ್ತಾನೆ: ನಿನ್ನ ಜೊತೆ ಮಾತಾಡಿ ಸಾವಿರ ವರ್ಷ ಆದ ಹಾಗಿದೆ. ಎಲ್ಲರಿಗಿಂತ ಹತ್ತಿರ ಇರಬೇಕಾದ ನಾವೇ ಎಲ್ಲರಿಗಿಂತ ದೂರ ಇದ್ದೇವೆ. ಈ ಕಾಗದ ಯಾರಿಗೂ ತೋರಿಸಬೇಡ. ಓದಿದ ಕೂಡಲೇ ಸುಟ್ಟುಬಿಡು.

ಸುಡು ಅಂತ ಬರೆದ ಆ ಕಾಗದ ಪಾಸ್ಟನ್ ಗಂಟಿನಲ್ಲೇ ಇದೆ. ಅಂದರೆ ಒಂದಲ್ಲ ಒಂದು ದಿನ ಅದು ಮನೆಯವರ ಕೈಗೆ ಬಿದ್ದಿತ್ತು.

1469ರ ಸೆಪ್ಟೆಂಬರ್‌ನಲ್ಲಿ ಬಿಷಪ್ ಮಾರ್ಜರಿಯನ್ನು ಕರೆಸಿ, ಏನೇನು ಮಾತಾಡಿಕೊಂಡಿರಿ ಅಂತ ಕೇಳಿದರು. ಹುಡುಗಿ ಎಲ್ಲ ಹೇಳಿದಳು. ಈ ಮಾತು ಸಾಲದಿದ್ದರೆ ಸಾಲುವ ಹಾಗೆ ಇಲ್ಲೇ ಇನ್ನೊಮ್ಮೆ ಹೇಳ್ತೀನಿ ಅಂದಳು. ಕಾಲ್‌ನನ್ನು ಬೇರೆಯಾಗಿ ಕೇಳಿದರು. ಇಬ್ಬರ ಹೇಳಿಕೆಯೂ ತಾಳೆಯಾಯಿತು. ತಾಯಿ ಬಾಗಿಲು ಹಾಕಿಸಿದಳು. ಕೆಲಸಕ್ಕೆ ಬಾರದವಳೊಬ್ಬಳನ್ನು ಕಳೆದುಕೊಂಡೆವು, ಅಷ್ಟೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ದೊಡ್ಡ ಮಗನಿಗೆ ಬರೆಸಿದಳು. ಅದೇ ವಾರ ಅವಳು ಅದೇ ಮಗನಿಗೆ ಇನ್ನೊಂದು ಕಾಗದ ಕಳಿಸಿದ್ದಾಳೆ: ಕೇಸ್ಟರ್ ಕೋಟೆಯನ್ನು ನಾರ್ಫೋಕ್‌ನ ಡ್ಯೂಕ್ ಮುತ್ತಿದ್ದಾನೆ, ನಿನ್ನ ತಮ್ಮ ಒಳಗಿದ್ದಾನೆ, ಇಬ್ಬರು ಸತ್ತರು, ಬೇಗ ಏನಾದರೂ ಮಾಡು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಆ ಕಠಿಣ ಮಾತು ಯಾವ ಹೊತ್ತಿನಲ್ಲಿ ಬಂತು ಅನ್ನೋದು ತಿಳಿಯುತ್ತದೆ.

ಮದುವೆ ಊರ್ಜಿತವಾಯಿತು. ಕಾಲ್ ಸ್ವಲ್ಪ ಸಮಯದ ಮೇಲೆ ಮತ್ತೆ ಪಾಸ್ಟನ್‌ಗಳ ಕೆಲಸವನ್ನೇ ಮಾಡಿಕೊಂಡು ಹೋದ, ಅವನಷ್ಟು ಲೆಕ್ಕ ಗೊತ್ತಿದ್ದವರು ಇರಲಿಲ್ಲವಲ್ಲ. ಮಗಳ ಸುದ್ದಿ ಮಾತ್ರ ತಾಯಿಯ ಪತ್ರಗಳಿಂದ ಮಾಯ.

ಮಾರ್ಗರೆಟ್ 1482ರ ಫೆಬ್ರವರಿಯಲ್ಲಿ ಉಯಿಲು ಬರೆಸಿದಳು. ಯಾರಿಗೆ ಹಾಸಿಗೆ, ಯಾರಿಗೆ ಬೆಳ್ಳಿ, ಯಾವ ಚರ್ಚಿಗೆ ಎಷ್ಟು ಅಂತ ಉದ್ದನೆಯ ಪಟ್ಟಿ. ಅದರ ನಡುವೆ ಒಂದು ಸಾಲಿದೆ: ನನ್ನ ಮಗಳು ಮಾರ್ಜರಿಯ ಮಗ ಜಾನ್ ಕಾಲ್‌ಗೆ 20 ಪೌಂಡ್.